ಮುಳ್ಳಯ್ಯನಗಿರಿಗೆ ದಾರಿ ಬಂದ್ ಆದಾಗ: ಗುಡ್ಡ ಹತ್ತುವ ದಮ್ಮನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಹೇಗೆ?

2021ರ ಜೂನ್ 14ರಿಂದ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೊರೊನಾ ಲಾಕ್‌ಡೌನ್ ಸಡಿಲವಾಯಿತು. ಸೋಂಕು ಇನ್ನೂ ಇಳಿಯದ 11 ಜಿಲ್ಲೆಗಳಿಗೆ ಮಾತ್ರ 21ರವರೆಗೆ ಕಾಯಿರಿ ಎಂದು ಸರ್ಕಾರ ಹೇಳಿತ್ತು. ಆ ಪಟ್ಟಿಯಲ್ಲಿ ಹಾಸನವೂ ಇತ್ತು, ಚಿಕ್ಕಮಗಳೂರೂ ಇತ್ತು. ಏಪ್ರಿಲ್ ಕೊನೆಯಿಂದ ಲೆಕ್ಕ ಹಾಕಿದರೆ ಗುಡ್ಡದ ದಾರಿ ಬಂದ್ ಆಗಿ ಸುಮಾರು ಏಳು ವಾರವಾಗಿತ್ತು. ಭಾನುವಾರ ಬಂದರೆ ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತಿದ್ದವರು ಆಗ ಒಂದೇ ಪ್ರಶ್ನೆ ಕೇಳುತ್ತಿದ್ದರು. ದಾರಿ ತೆರೆಯುವ ಹೊತ್ತಿಗೆ ನಮ್ಮ ಕಾಲಲ್ಲಿ ಶಕ್ತಿ ಉಳಿದಿರುತ್ತಾ?

ಉಳಿಸಿಕೊಳ್ಳಬಹುದು. ಜಿಮ್ ಬೇಕಿಲ್ಲ, ಟ್ರೆಡ್‌ಮಿಲ್ ಬೇಕಿಲ್ಲ. ಆದರೆ ಗುಡ್ಡ ಹತ್ತಿ ಇಳಿಯುವಾಗ ಮೈಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದೆ ಮನೆಯಲ್ಲಿ ದಿನಾ ಬೆವರು ಹರಿಸಿದರೂ, ಗುಡ್ಡಕ್ಕೆ ಬೇಕಾದ ಮುಖ್ಯವಾದ ಒಂದು ಅಭ್ಯಾಸ ಬಿಟ್ಟೇ ಹೋಗಬಹುದು.

ಬಯಲಿನ ಗಾಳಿ ಒಳ್ಳೇದಲ್ವಾ, ಮತ್ತೆ ಯಾಕೆ ಮುಚ್ಚಿದರು?

ಬಯಲಿನ ಗಾಳಿಯಲ್ಲಿ ಸೋಂಕು ಹರಡುವುದು ಕಡಿಮೆ, ಅದು ನಿಜ. ತೊಂದರೆ ಇರುವುದು ಗುಡ್ಡದ ತುದಿಯಲ್ಲಲ್ಲ, ಅಲ್ಲಿಗೆ ತಲುಪುವ ದಾರಿಯಲ್ಲಿ. ಒಂದೇ ಜೀಪಿನಲ್ಲಿ ಹತ್ತು ಜನ ಒತ್ತಿ ಕೂರುತ್ತಾರೆ. ದಾರಿಯ ಹೋಟೆಲ್‌ನಲ್ಲಿ ತಿಂಡಿ, ಹೋಂಸ್ಟೇಯಲ್ಲಿ ರಾತ್ರಿ. ಬೇರೆ ಊರಿನ ಸೋಂಕು ಹೀಗೇ ಗುಡ್ಡದ ಬುಡದ ಹಳ್ಳಿಗೆ ಇಳಿಯುತ್ತದೆ. ಅಲ್ಲಿಂದ ದೊಡ್ಡಾಸ್ಪತ್ರೆಗೆ ಗಂಟೆಗಟ್ಟಲೆ ದಾರಿ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಅವರಿಗೂ ಒಂದು ಆಂಬುಲೆನ್ಸ್, ಒಂದು ಹಾಸಿಗೆ ಬೇಕು. ಆಗ ಅವು ಬೇರೆಯವರಿಗೆ ತುರ್ತಾಗಿ ಬೇಕಾಗಿದ್ದವು.

ಕಾಡಿನ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ಹುಲಿಗೆ ಕೊರೊನಾ ತಗುಲಿದ್ದು ಪತ್ತೆಯಾಯಿತು. ಅದಾದ ತಕ್ಷಣ ಕೇಂದ್ರದ ಪರಿಸರ ಸಚಿವಾಲಯ, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಗೆ ಜನ ಹೋಗುವುದನ್ನು ತಡೆಯಿರಿ ಎಂದು ರಾಜ್ಯಗಳಿಗೆ ತಿಳಿಸಿತು. 2021ರ ಜೂನ್ ಆರಂಭದಲ್ಲಿ ಚೆನ್ನೈ ಹತ್ತಿರದ ವಂಡಲೂರು ಮೃಗಾಲಯದಲ್ಲಿ ಸೋಂಕಿತ ಸಿಂಹಿಣಿಯೊಂದು ಸತ್ತಿತು. ಬೆನ್ನಲ್ಲೇ ಹುಲಿ ಮೀಸಲು ಪ್ರದೇಶಗಳಲ್ಲಿ ಪ್ರವಾಸ ನಿಲ್ಲಿಸಲು ಸೂಚನೆ ಬಂತು. ನಮ್ಮ ಭದ್ರಾ ಹುಲಿ ಮೀಸಲು ಪ್ರದೇಶವೂ ಅದರಲ್ಲಿ ಸೇರಿತ್ತು. ಅಂದರೆ ಮನುಷ್ಯರಿಂದ ಪ್ರಾಣಿಗೆ ರೋಗ ದಾಟಬಾರದು ಎಂಬುದೂ ಈ ತಡೆಯ ಹಿಂದಿತ್ತು. ಕಳ್ಳದಾರಿಯಲ್ಲಿ ನುಸುಳಿ ಹೋಗುವವರು ಇದನ್ನು ಯೋಚಿಸಬೇಕಿತ್ತು.

ದಮ್ಮು ಎಂದರೆ ಒಂದೇ ಅಲ್ಲ

ಗುಡ್ಡ ಹತ್ತಲಾಗದೆ ನಿಂತವರನ್ನು ಕೇಳಿದರೆ "ದಮ್ಮಿಲ್ಲ" ಎನ್ನುತ್ತಾರೆ. ಒಂದೇ ಮಾತು, ಆದರೆ ಅದರಲ್ಲಿ ಬೇರೆ ಬೇರೆ ಸಂಗತಿಗಳು ಸೇರಿವೆ.

ಮೊದಲನೆಯದು ಉಸಿರು ಮತ್ತು ರಕ್ತದ ಓಟ. ಶ್ವಾಸಕೋಶ ಎಳೆದುಕೊಂಡ ಆಮ್ಲಜನಕವನ್ನು ಹೃದಯ ಕಾಲಿಗೆ ತಲುಪಿಸಬೇಕು. ಎರಡನೆಯದು ಏರಿನಲ್ಲಿ ಮೈಯನ್ನು ಮೇಲೆತ್ತುವ ಬಲ. ಇದು ತೊಡೆ, ಪೃಷ್ಠ ಮತ್ತು ಮೀನಖಂಡದ ಕೆಲಸ. ಮೂರನೆಯದು ಇಳಿಜಾರಿನಲ್ಲಿ ಮೈಯನ್ನು ಹಿಡಿದು ನಿಲ್ಲಿಸುವ ಬಲ. ಸ್ನಾಯು ಅದೇ ಆದರೂ ಕೆಲಸ ಪೂರಾ ಬೇರೆ. ಇದರ ಜೊತೆಗೆ ಕಲ್ಲು, ಬೇರು, ಒದ್ದೆ ಹುಲ್ಲಿನ ಮೇಲೆ ಕಾಲು ತಿರುಚದಂತೆ ನೋಡಿಕೊಳ್ಳುವ ಸಮತೋಲನವೂ ಬೇಕು.

ಮನೆಯ ಅಂಗಳದಲ್ಲಿ ದಿನಾ ಒಂದು ತಾಸು ನಡೆದರೆ ಮೊದಲನೆಯದು ಸ್ವಲ್ಪ ಉಳಿಯುತ್ತದೆ. ಮಿಕ್ಕಿದ್ದಕ್ಕೆ ಅದು ಸಾಲದು.

ಬಿಟ್ಟರೆ ಮೊದಲು ಹೋಗುವುದು ಯಾವುದು?

ಉಸಿರಿನ ಶಕ್ತಿಯೇ ಮೊದಲು ಇಳಿಯುತ್ತದೆ. ವ್ಯಾಯಾಮ ಮಾಡುವವರ ಮೈಯಲ್ಲಿ ರಕ್ತದ ನೀರಿನಂಶ ಹೆಚ್ಚಿರುತ್ತದೆ. ಅದರಿಂದ ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳಬಲ್ಲದು. ವ್ಯಾಯಾಮ ನಿಂತ ಕೆಲವೇ ದಿನಗಳಲ್ಲಿ ಆ ನೀರಿನಂಶ ಕಡಿಮೆಯಾಗತೊಡಗುತ್ತದೆ. ಆಗ ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಸಲ ಬಡಿಯಬೇಕು. ಎರಡು ವಾರ ಸುಮ್ನೆ ಕೂತು ಒಮ್ಮೆ ಮೆಟ್ಟಿಲು ಹತ್ತಿದರೆ ಎದೆ ಢವಢವ ಎನ್ನುವುದು ಇದಕ್ಕೇ.

ಚೆನ್ನಾಗಿ ಪಳಗಿದ ಓಟಗಾರರು ಮತ್ತು ಸೈಕಲ್ ಸವಾರರ ಅಭ್ಯಾಸ ನಿಲ್ಲಿಸಿ ಅಳೆದ ಒಂದು ಅಧ್ಯಯನ 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮೈ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ಅದರ ಅಳತೆಗೋಲು. ಮೂರು ವಾರಕ್ಕೆ ಅದು ಸುಮಾರು ಶೇ 7 ಇಳಿದಿತ್ತು. ಎಂಟು ವಾರದ ಹೊತ್ತಿಗೆ ಇಳಿಕೆ ಶೇ 16ರಷ್ಟಾಗಿ, ಅಲ್ಲಿಗೆ ನಿಂತಿತು. ಏಳು ವಾರ ಮನೆಯಲ್ಲಿದ್ದ ನಮಗೆ ಈ ಲೆಕ್ಕ ಹತ್ತಿರವಾಗಿತ್ತು. ಆದರೆ ಗಮನಿಸಿ, ಇದು ಪೂರ್ತಿ ಕೈಬಿಟ್ಟವರ ಲೆಕ್ಕ.

ಸ್ನಾಯುವಿನ ಬಲ ಇಷ್ಟು ಬೇಗ ಹೋಗುವುದಿಲ್ಲ. ಮೂರ್ನಾಲ್ಕು ವಾರ ಬಿಟ್ಟರೂ ಹೆಚ್ಚಿನ ಭಾಗ ಉಳಿದಿರುತ್ತದೆ.

ದಿನಾ ಮಾಡಬೇಕಾ?

ಬೇಡ. ಈ ವಿಷಯ ಹೆಚ್ಚು ಜನರಿಗೆ ತಿಳಿಯಬೇಕು ಎಂದು ನನಗೆ ಬಹಳ ಅನಿಸುತ್ತದೆ. ಶಕ್ತಿಯನ್ನು ಹೊಸದಾಗಿ ಗಳಿಸುವುದು ಕಷ್ಟ, ಗಳಿಸಿದ್ದನ್ನು ಉಳಿಸಿಕೊಳ್ಳುವುದು ಸುಲಭ.

1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಜನರಿಗೆ ಹತ್ತು ವಾರ, ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಗಟ್ಟಿ ವ್ಯಾಯಾಮ ಮಾಡಿಸಿದರು. ಆಮೇಲೆ ಕೆಲವರಿಗೆ ದಿನಗಳನ್ನು ಕಡಿತ ಮಾಡಿದರು. ವಾರಕ್ಕೆ 2 ದಿನಕ್ಕೆ ಇಳಿದವರಲ್ಲೂ ಹದಿನೈದು ವಾರ ಉಸಿರಿನ ಶಕ್ತಿ ಉಳಿದಿತ್ತು. ಇನ್ನು ಕೆಲವರಿಗೆ ದಿನದ ಹೊತ್ತನ್ನು 13 ನಿಮಿಷಕ್ಕೆ ಇಳಿಸಿದರು. ಆಗಲೂ ಉಳಿಯಿತು, ಬಹಳ ಹೊತ್ತು ತಾಳುವ ಗುಣ ಮಾತ್ರ ಸ್ವಲ್ಪ ಕುಗ್ಗಿತು. ಮೂರನೆಯ ಗುಂಪಿಗೆ ದಿನವೂ ಅಷ್ಟೇ, ಹೊತ್ತೂ ಅಷ್ಟೇ, ಆದರೆ ಬಿರುಸು ತಗ್ಗಿಸಿದರು. ಅವರ ಶಕ್ತಿ ಇಳಿದುಹೋಯಿತು.

ಹಾಗಾಗಿ ದಿನ ಕಡಿಮೆಯಾದರೂ ನಡೆಯುತ್ತದೆ, ಹೊತ್ತು ಕಡಿಮೆಯಾದರೂ ನಡೆಯುತ್ತದೆ. ಬಿರುಸು ಬಿಡಬಾರದು. ಅಂಗಳದಲ್ಲಿ ಮೊಬೈಲ್ ನೋಡುತ್ತಾ ಒಂದು ತಾಸು ಸುತ್ತುವುದಕ್ಕಿಂತ, ವಾರಕ್ಕೆ ಎರಡು ಮೂರು ದಿನ 20 ನಿಮಿಷ ಏದುಸಿರು ಬರುವಂತೆ ಮೆಟ್ಟಿಲು ಹತ್ತುವುದು ಗುಡ್ಡಕ್ಕೆ ಜಾಸ್ತಿ ಉಪಯೋಗ.

ಬಿರುಸು ಸಾಕಾಗಿದೆಯೇ ಎಂದು ತಿಳಿಯಲು ಮಾತಾಡಿ ನೋಡಿ. ಹಾಡು ಹೇಳಲು ಬರುತ್ತಿದ್ದರೆ ಕೆಲಸ ಹಗುರ. ಮಾತಾಡಬಹುದು, ಹಾಡಲಾಗದು ಎಂದಾದರೆ ಮಧ್ಯಮ. ಮೂರ್ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಅದು ಬಿರುಸು. ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇರುವವರು ಈ ಮಟ್ಟಕ್ಕೆ ಹೋಗುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಹತ್ತಿದ್ದಕ್ಕಿಂತ ಇಳಿದದ್ದೇ ನೋಯುವುದು ಯಾಕೆ?

ಎತ್ತಿನ ಭುಜ ಎಂಬ ಗುಡ್ಡ ಹತ್ತಿ ಬಂದ ಮರುದಿನ ಮಂಚದಿಂದ ಏಳುವಾಗ ತೊಡೆ ಹಿಡಿದುಕೊಳ್ಳುತ್ತದಲ್ವಾ? ಜನ ಅದಕ್ಕೆ ಏರನ್ನು ಬೈಯುತ್ತಾರೆ. ತಪ್ಪು ಏರಿನದ್ದಲ್ಲ, ಇಳಿಜಾರಿನದ್ದು.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮಂಡಿಯನ್ನು ನೇರ ಮಾಡುತ್ತದೆ. ಮೈ ಮೇಲೆ ಹೋಗುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗಬೇಕು. ಅಟ್ಟದ ಮೇಲಿಂದ ಕಾಫಿ ಮೂಟೆಯನ್ನು ಹಗ್ಗ ಕಟ್ಟಿ ಇಳಿಸುವುದನ್ನು ನೆನೆಸಿಕೊಳ್ಳಿ. ಹಗ್ಗ ಕೈಯಿಂದ ಜಾರುತ್ತಲೇ ಇರುತ್ತದೆ, ಆದರೂ ಬಿಗಿ ಬಿಡುವ ಹಾಗಿಲ್ಲ. ಬಿಟ್ಟರೆ ಮೂಟೆ ದೊಪ್ಪನೆ ಬೀಳುತ್ತದೆ. ಇಳಿಜಾರಿನ ಪ್ರತಿ ಹೆಜ್ಜೆಯಲ್ಲೂ ತೊಡೆ ಮಾಡುವ ಕೆಲಸ ಇದೇ.

ಹೀಗೆ ಎಳೆಸಿಕೊಳ್ಳುತ್ತಾ ಹಿಡಿದು ನಿಲ್ಲುವಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಗಳಾಗುತ್ತವೆ. ಮೈ ಅವನ್ನು ಸರಿಮಾಡಲು ಶುರು ಮಾಡಿದಾಗ ಊತ, ನೋವು. ಅದಕ್ಕೇ ನೋವು ಕೂಡಲೇ ಬರುವುದಿಲ್ಲ. ಒಂದು ದಿನ ಬಿಟ್ಟು ಏರುತ್ತದೆ, ಎರಡು ಮೂರು ದಿನ ಕಾಡುತ್ತದೆ. ಶ್ರಮಪಟ್ಟಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡು ನೋಯುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ವ್ಯಾಯಾಮ ನಿಂತ ಒಂದೆರಡು ತಾಸಿನಲ್ಲೇ ಕರಗಿಹೋಗುತ್ತದೆ. ಮರುದಿನದ ನೋವಿಗೆ ಅದು ಕಾರಣವಲ್ಲ.

ಮಂಡಿಯ ಮೇಲಿನ ಭಾರವೂ ಕಡಿಮೆಯಲ್ಲ. ಮಂಡಿ ಬದಲಿಸಿಕೊಂಡ ಕೆಲವರ ಕೃತಕ ಕೀಲಿನೊಳಗೇ ಅಳತೆಯ ಸಾಧನ ಇಟ್ಟು ಜರ್ಮನಿಯಲ್ಲಿ ಪರೀಕ್ಷಿಸಿದ್ದಾರೆ. ಸಮತಟ್ಟಿನಲ್ಲಿ ನಡೆಯುವಾಗ ಮೈತೂಕದ ಎರಡೂವರೆ ಪಟ್ಟು ಭಾರ ಬೀಳುತ್ತಿತ್ತು. ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. 60 ಕೆ.ಜಿ. ತೂಗುವವರಿಗೆ ಒಂದೊಂದು ಹೆಜ್ಜೆಗೂ 200 ಕೆ.ಜಿ.ಗಿಂತ ಜಾಸ್ತಿ. ತೊಡೆ ಗಟ್ಟಿಯಿದ್ದರೆ ಹೆಜ್ಜೆ ಮೆತ್ತಗೆ ಊರುತ್ತದೆ. ತೊಡೆ ಸೋತರೆ ಮಂಡಿಗೆ ಪೆಟ್ಟು ಬೀಳುತ್ತದೆ.

ಇಲ್ಲೊಂದು ಸಂತೋಷದ ಸಂಗತಿ ಇದೆ. ಇಳಿಯುವ ಕೆಲಸಕ್ಕೆ ಸ್ನಾಯು ಬಹಳ ಬೇಗ ಹೊಂದಿಕೊಳ್ಳುತ್ತದೆ. ಒಮ್ಮೆ ಸ್ವಲ್ಪ ನೋವು ಬರುವಷ್ಟು ಇಳಿದರೆ ಸಾಕು, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋವಾಗುವುದಿಲ್ಲ. ಈ ಅಭ್ಯಾಸವನ್ನು ದಿನಾ ಮಾಡುವ ಅಗತ್ಯವೂ ಇಲ್ಲ. ಹತ್ತು ದಿನಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಚೆನ್ನಾಗಿ ಇಳಿದರೂ ಆ ರಕ್ಷಣೆ ಉಳಿಯುತ್ತದೆ. ಮನೆಯಲ್ಲೇ ಉಳಿಯಬೇಕಾದಾಗ ಗುಡ್ಡದ ಚಟದವರು ಏನಾದರೂ ಒಂದನ್ನು ಮಾತ್ರ ಮಾಡುವುದಿದ್ದರೆ ಇದನ್ನೇ ಮಾಡಲಿ ಎನ್ನುತ್ತೇನೆ. ಯೂಟ್ಯೂಬ್ ನೋಡಿ ಕುಣಿದರೆ ಉಸಿರಿಗೆ ವ್ಯಾಯಾಮ ಸಿಗುತ್ತದೆ. ಇಳಿಜಾರು ಮಾತ್ರ ಸಿಗುವುದಿಲ್ಲ.

45 ಸಲ ಮಹಡಿ ಹತ್ತಿದರೆ ಒಂದು ವಿಂಧ್ಯಗಿರಿ

ಶ್ರವಣಬೆಳಗೊಳದ ವಿಂಧ್ಯಗಿರಿ ಬುಡದ ನೆಲದಿಂದ 470 ಅಡಿ ಎತ್ತರ. ಅಂದರೆ ಸುಮಾರು 143 ಮೀಟರ್. ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಿ ಬಾಹುಬಲಿಯ ಪಾದ ಮುಟ್ಟಿದವರಿಗೆ ಆ ಎತ್ತರ ಕಾಲಿಗೆ ಗೊತ್ತಿರುತ್ತದೆ.

ಈಗ ನಿಮ್ಮ ಮನೆ ಮೆಟ್ಟಿಲನ್ನು ಅಳೆಯಿರಿ. ಸಾಮಾನ್ಯವಾಗಿ ಒಂದು ಮೆಟ್ಟಿಲು 15ರಿಂದ 18 ಸೆಂ.ಮೀ. ಇರುತ್ತದೆ. 16 ಸೆಂ.ಮೀ.ನ 20 ಮೆಟ್ಟಿಲಿದ್ದರೆ ಒಂದು ಮಹಡಿ 3.2 ಮೀಟರ್. 45 ಸಲ ಹತ್ತಿದರೆ 144 ಮೀಟರ್. ಒಂದು ವಿಂಧ್ಯಗಿರಿ ಮುಗಿಯಿತು. 45 ಸಲ ಇಳಿದದ್ದೂ ಲೆಕ್ಕಕ್ಕೆ ಬಂತು, ಅದೇ ನಮಗೆ ಬೇಕಾದದ್ದು.

ಇನ್ನೂ ದೊಡ್ಡ ಲೆಕ್ಕ ಬೇಕು ಎನ್ನುವವರಿಗೆ ಮುಳ್ಳಯ್ಯನಗಿರಿ ಇದೆ. ಶಿಖರ 1930 ಮೀಟರ್, ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1090 ಮೀಟರ್. ನಡುವಿನ 840 ಮೀಟರಿಗೆ ಅದೇ ಮಹಡಿಯನ್ನು 260 ಸಲಕ್ಕಿಂತ ಜಾಸ್ತಿ ಹತ್ತಬೇಕು. ಒಂದೇ ದಿನ ಬೇಡ. ಎರಡು ವಾರಕ್ಕೆ ಹಂಚಿಕೊಂಡು ಮನೆಯವರೆಲ್ಲ ಸೇರಿ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾ ಹೋದರೆ ಮಕ್ಕಳಿಗೂ ಹುರುಪು ಬರುತ್ತದೆ.

ಮೊದಲ ದಿನ ಹತ್ತು ಸಲ ಸಾಕು. ಹತ್ತುವಾಗ ಪೂರ್ತಿ ಪಾದ ಊರಿ, ಹಿಮ್ಮಡಿಯಿಂದ ತಳ್ಳಿ ಮೇಲೇಳಿ. ಇಳಿಯುವಾಗ ಅವಸರ ಬೇಡ. ಒಂದೊಂದು ಮೆಟ್ಟಿಲನ್ನೂ ಎರಡು ಮೂರು ಎಣಿಸುವಷ್ಟು ನಿಧಾನವಾಗಿ, ಸದ್ದಾಗದಂತೆ ಇಳಿಯಿರಿ. ಸದ್ದು ಬಂದರೆ ತೊಡೆ ಕೆಲಸ ಬಿಟ್ಟು ಮಂಡಿ ಹೊರುತ್ತಿದೆ ಎಂದೇ ತಿಳಿಯಿರಿ. ಕೈಗೆ ಕಂಬಿ ಸಿಗುವಂತಿರಲಿ. ಮಳೆಗಾಲದಲ್ಲಿ ಹೊರಗಿನ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಒಳಗಿನದನ್ನೇ ಬಳಸಿ.

ವಾರ ಎರಡಾದ ಮೇಲೆ ಬೆನ್ನಿಗೆ ಭಾರ ಸೇರಿಸಬಹುದು. ಒಂದು ಲೀಟರ್ ನೀರು ಒಂದು ಕೆ.ಜಿ. ಎರಡು ಬಾಟಲಿಯಿಂದ ಶುರು ಮಾಡಿ, ನಿಮ್ಮ ಚಾರಣದ ಬ್ಯಾಗ್ ಎಷ್ಟು ತೂಗುತ್ತಿತ್ತೋ ಅಲ್ಲಿಯವರೆಗೆ ನಿಧಾನಕ್ಕೆ ಏರಿಸಿ. ಮಂಡಿ ನೋವು ಬಂದರೆ ಮೊದಲು ಭಾರ ಇಳಿಸಿ. ಸ್ನಾಯು ಹಿಡಿದ ನೋವು ಮೂರ್ನಾಲ್ಕು ದಿನಕ್ಕೆ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು ಬೇರೆಯೇ, ಅದನ್ನು ತಾಳಿಕೊಂಡು ಮುಂದುವರಿಯಬಾರದು.

ಮಹಡಿಯೇ ಇಲ್ಲದ ಹೆಂಚಿನ ಮನೆಯಲ್ಲಿ

ಜಗಲಿಯ ಒಂದೇ ಮೆಟ್ಟಿಲು ಸಾಕು. 17 ಸೆಂ.ಮೀ.ನ ಮೆಟ್ಟಿಲನ್ನು ನಿಮಿಷಕ್ಕೆ 25 ಸಲ ಹತ್ತಿ ಇಳಿದರೆ ಅರ್ಧ ತಾಸಿಗೆ ಸುಮಾರು 127 ಮೀಟರ್ ಏರಿದಂತೆ. ಬೇಜಾರಾಗುತ್ತದೆ, ನಿಜ. ರೇಡಿಯೋ ಹಾಕಿಕೊಳ್ಳಿ. ಹತ್ತಲು ಮೊದಲು ಇಡುವ ಕಾಲನ್ನು ಐದೈದು ನಿಮಿಷಕ್ಕೆ ಬದಲಿಸಿ, ಇಲ್ಲದಿದ್ದರೆ ಒಂದು ತೊಡೆಗೇ ಕೆಲಸ ಬೀಳುತ್ತದೆ.

ಇಳಿಯುವ ಅಭ್ಯಾಸಕ್ಕೆ ಅದೇ ಮೆಟ್ಟಿಲಿನ ಅಂಚಿನಲ್ಲಿ ಒಂದು ಕಾಲಲ್ಲಿ ನಿಲ್ಲಿ. ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ನೆಲ ಮುಟ್ಟುವ ತನಕ ನಿಧಾನ ಇಳಿಸಿ, ಮತ್ತೆ ಮೇಲೆತ್ತಿ. ಕಾಲಿಗೆ ಎಂಟು ಹತ್ತು ಸಲ, ಎರಡು ಮೂರು ಸುತ್ತು. ನೋಡಲು ಸಣ್ಣ ಕೆಲಸ, ಮರುದಿನ ತೊಡೆ ಮಾತಾಡುತ್ತದೆ.

ತೋಟದವರಿಗೆ ಇದ್ಯಾವುದೂ ಹೇಳಬೇಕಾಗಿಲ್ಲ. ಕಾಫಿ ಗಿಡದ ಸಾಲಿನಲ್ಲಿ ಬೆನ್ನಿಗೆ ಗೊಬ್ಬರ ಹೊತ್ತು ದಿನಕ್ಕೆ ಹತ್ತಾರು ಸಲ ಏರಿ ಇಳಿಯುವವರ ಕಾಲಿಗೆ ಲಾಕ್‌ಡೌನ್ ಬಂದೇ ಇರಲಿಲ್ಲ. ತೋಟ ಇದ್ದೂ ಜೀಪಿನಲ್ಲೇ ಸುತ್ತುವವರು ಜೀಪು ಬಿಟ್ಟು ನಡೆದರೆ ಅವರಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ಇನ್ನೊಂದಿಲ್ಲ.

ಪಾದದ ಗಂಟನ್ನು ಮರೆಯಬೇಡಿ

ಸಮತಟ್ಟಾದ ಟೈಲ್ಸ್ ಮೇಲೆ ತಿಂಗಳುಗಟ್ಟಲೆ ನಡೆದ ಪಾದಕ್ಕೆ ಏರುಪೇರು ನೆಲ ಮರೆತಂತಾಗುತ್ತದೆ. ಕಾಲು ವಾಲಿತು ಎಂಬ ಸುದ್ದಿ ಗಂಟಿನ ನರಗಳಿಂದ ಬಂದು, ಸ್ನಾಯು ಅದನ್ನು ತಡೆಹಿಡಿಯಲು ಕ್ಷಣದ ಒಂದಂಶ ಸಾಕು. ಆ ಚುರುಕು ಅಭ್ಯಾಸದಿಂದ ಬರುವಂಥದ್ದು. ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲಿ. ಸಲೀಸಾದ ಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲಿ. ಆಮೇಲೆ ಗೋಡೆಯ ಪಕ್ಕ ನಿಂತು ಕಣ್ಣು ಮುಚ್ಚಿ ನೋಡಿ, ಎಷ್ಟು ಕಷ್ಟ ಎಂದು ತಿಳಿಯುತ್ತದೆ.

ಕೊರೊನಾ ಬಂದು ಹೋದವರು

ಮೇಲಿನ ಬಿರುಸಿನ ಮಾತು ನಿಮಗೆ ಸದ್ಯಕ್ಕಲ್ಲ. ಸೋಂಕು ಇರುವಾಗ ವ್ಯಾಯಾಮ ಬೇಡವೇ ಬೇಡ. ಸೋಂಕು ಹಗುರವಾಗಿದ್ದವರೂ ಎಲ್ಲ ಲಕ್ಷಣ ಹೋಗಿ ಕನಿಷ್ಠ 7 ದಿನ ಕಾಯಬೇಕು. ಆಮೇಲಿನ ಎರಡು ವಾರ ಹಗುರ ನಡಿಗೆ, ಉಸಿರಾಟದ ಅಭ್ಯಾಸ ಮಾತ್ರ ಎಂಬುದು ವೈದ್ಯರು 2021ರಲ್ಲಿ ಹೇಳುತ್ತಿದ್ದ ಕ್ರಮ. ಇದಕ್ಕೆ ಕಾರಣವಿದೆ. ಈ ವೈರಸ್ ಕೆಲವರಲ್ಲಿ ಹೃದಯದ ಸ್ನಾಯುವಿನಲ್ಲೂ ಊತ ತರುತ್ತದೆ. ಆ ಸ್ಥಿತಿಯಲ್ಲಿ ಜೋರಾಗಿ ಶ್ರಮಪಟ್ಟರೆ ಹೃದಯದ ಬಡಿತ ತಾಳ ತಪ್ಪಿ ಜೀವಕ್ಕೇ ಅಪಾಯವಾಗಬಹುದು. ಆಸ್ಪತ್ರೆ ಸೇರಿ ಬಂದವರು, ಎದೆನೋವು, ತಲೆಸುತ್ತು, ಲೆಕ್ಕ ಮೀರಿದ ಏದುಸಿರು ಇರುವವರು ವೈದ್ಯರು ನೋಡಿ ಹೇಳುವ ತನಕ ಮೆಟ್ಟಿಲಿನ ಲೆಕ್ಕ ಶುರು ಮಾಡಬಾರದು. ಗುಡ್ಡ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅವಸರಪಟ್ಟು ನೀವು ಅಪಾಯ ತಂದುಕೊಳ್ಳಬೇಡಿ.

ದಾರಿ ತೆರೆದ ಮೇಲೆ

ಮೊದಲ ವಾರವೇ ಕುದುರೆಮುಖಕ್ಕೆ ಹೊರಡಬೇಡಿ. ಅದು ಹೋಗಿ ಬರಲು ಸುಮಾರು 20 ಕಿ.ಮೀ. ದಾರಿ, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಮನೆಯ ಮೆಟ್ಟಿಲು ತೊಡೆಯನ್ನು ಉಳಿಸಿರುತ್ತದೆ, ಆರು ಏಳು ತಾಸು ಸತತ ನಡೆಯುವ ತಾಳಿಕೆಯನ್ನು ಪೂರ್ತಿ ಉಳಿಸಿರುವುದಿಲ್ಲ. ಸಕಲೇಶಪುರದ ಪಕ್ಕದ ಮಂಜರಾಬಾದ್ ಕೋಟೆಯಂಥ ಚಿಕ್ಕ ಏರಿನಿಂದ ಶುರು ಮಾಡಿ. ನಕ್ಷತ್ರದ ಆಕಾರದ ಆ ಕೋಟೆಗೆ ಮೆಟ್ಟಿಲಿದೆ, ಬೇಕೆಂದಾಗ ವಾಪಸ್ ಬರಬಹುದು. ಅಲ್ಲಿಂದ ಬಂದ ಮೂರನೆಯ ದಿನ ತೊಡೆ ಹೇಗಿದೆ ನೋಡಿ, ಮುಂದಿನದನ್ನು ಆಮೇಲೆ ತೀರ್ಮಾನಿಸಿ. ಹಳೆಯ ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚು ಹೊತ್ತು ಇಟ್ಟುಕೊಳ್ಳಿ.

ಹೊರಡುವ ಒಂದು ವಾರ ಮುಂಚೆ ಶೂ ಹೊರಗೆ ತೆಗೆಯಿರಿ. ಹಲವು ಚಾರಣದ ಶೂಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಎಂಬ ಮೆತ್ತನೆಯ ವಸ್ತು ಇರುತ್ತದೆ. ಗಾಳಿಯ ತೇವ ಹೀರಿ ಅದು ಒಳಗಿಂದಲೇ ಪುಡಿಯಾಗುತ್ತದೆ. ಬಳಸದೆ ಮೂಲೆಯಲ್ಲಿ ಇಟ್ಟರೂ ಹಾಗೇ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳಲೇಬೇಡಿ. ಕೈಯಲ್ಲಿ ಅಟ್ಟೆಯನ್ನು ಬಗ್ಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ ಅಥವಾ ಪುಡಿ ಉದುರಿದರೆ ಆ ಶೂ ಬೇಡ. ಚೆನ್ನಾಗಿದ್ದರೆ ಆ ವಾರ ಪೂರ್ತಿ ಅದನ್ನೇ ಹಾಕಿಕೊಂಡು ಮನೆ ಮೆಟ್ಟಿಲು ಹತ್ತಿ ಇಳಿಯಿರಿ, ಮೆತ್ತಗಾದ ಪಾದದ ಚರ್ಮಕ್ಕೆ ಗುಳ್ಳೆ ಏಳುವುದು ಕಡಿಮೆಯಾಗುತ್ತದೆ.